ಬಯಲು ಬಹಿರ್ದೆಸೆ ನಿವಾರಣೆಯ ಹೊಣೆಯನ್ನು ಊರಿಗೇ ವಹಿಸುವ ಕುರಿತು ಮನವಿ ಪತ್ರ

ಗೆ,
ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು,
ಜಿಲ್ಲಾ ಪಂಚಾಯಿತಿ, ಚಾಮರಾಜನಗರ.

ಮನವಿದಾರರು: ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಗ್ರಾಮಸ್ಥರು.

ಮಾನ್ಯರೇ,

2014ರ ಅಕ್ಟೋಬರ್ 2ರಂದು ಆರಂಭವಾದ ಸ್ವಚ್ಛ ಭಾರತ ಅಭಿಯಾನದಲ್ಲಿ ಮನೆಯೊಂದಕ್ಕೆ 12,000 ರೂಪಾಯಿ, ರಾಜ್ಯದ ಪರಿಶಿಷ್ಟ ಜಾತಿ, ಪಂಗಡದ ಕುಟುಂಬಗಳಿಗೆ 15,000 ರೂಪಾಯಿ ಪ್ರೋತ್ಸಾಹಧನ ನಿಗದಿಯಾದ್ದರಿಂದ ಹಳ್ಳಿಗಳಲ್ಲಿ ಶೌಚಾಲಯಗಳು ಎದ್ದವು. ಆದರೆ ಕಟ್ಟುವುದು ಬೇರೆ, ಬಳಸುವುದು ಬೇರೆ. ಬಾಗಿಲು ತೆರೆದರೆ ಬೇಸಿನ್ ಮೇಲೆ ಸೌದೆ ಹೊರೆ, ಮೂಲೆಯಲ್ಲಿ ಹಿಂಡಿ ಚೀಲ ಕಾಣುವ ಶೌಚಾಲಯವೂ ಕಡತದಲ್ಲಿ ಒಂದು ಶೌಚಾಲಯವೇ.

ಬಳಸದಿರುವುದಕ್ಕೆ ಸೋಮಾರಿತನವನ್ನು ದೂರಿದರೆ ಸಾಲದು. ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿರುವ ಗುಂಡ್ಲುಪೇಟೆ ಸೀಮೆಯಲ್ಲಿ ಕೊಡ ನೀರಿಗೂ ಲೆಕ್ಕವಿದೆ; ಅದಕ್ಕಿಂತ ದೊಡ್ಡದು ಗುಂಡಿ ತುಂಬುವ ಭಯ. ಎರಡು ಗುಂಡಿಯ ಪದ್ಧತಿಯಲ್ಲಿ ಒಂದು ತುಂಬಿದಾಗ ಮಲವನ್ನು ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ಮುಚ್ಚಿಟ್ಟರೆ ಒಂದೆರಡು ವರ್ಷಗಳಲ್ಲಿ ಅದು ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಇದನ್ನು ತಿಳಿಯದ ಮನೆಯವರು ಗುಂಡಿಯನ್ನು ಯಾರಿಂದ ಬಳಿಸುವುದೆಂದು ಹೆದರುತ್ತಾರೆ. ಮಲವನ್ನು ಮನುಷ್ಯರಿಂದ ಬಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಈ ಭಯ ನೀಗಲು, ಪ್ರಚಾರಕ್ಕೆ ಮೀಸಲಾದ ಹಣವನ್ನು ಗೋಡೆಬರಹಕ್ಕೆ ಸುರಿಯುವ ಬದಲು, ಪ್ರತಿ ಪಂಚಾಯಿತಿಯಲ್ಲೂ ಮಾಗಿದ ಗುಂಡಿಯೊಂದನ್ನು ಊರವರೆದುರೇ ತೆರೆಸಿ, ಆ ಗೊಬ್ಬರವನ್ನು ತೆಂಗಿನ ಬುಡಕ್ಕೆ ಹಾಕಿ ತೋರಿಸಬೇಕು.

1999–2000ರಲ್ಲಿ ಕಮಲ್ ಕರ್ ಬಾಂಗ್ಲಾದೇಶದ ರಾಜಶಾಹಿ ಜಿಲ್ಲೆಯ ಮೊಸ್ಮೊಯಿಲ್‌ನಲ್ಲಿ ರೂಪಿಸಿದ 'ಸಮುದಾಯವೇ ನಡೆಸುವ ಸಂಪೂರ್ಣ ನೈರ್ಮಲ್ಯ' ವಿಧಾನದಲ್ಲಿ, ಸಹಾಯಧನವನ್ನು ನೆಚ್ಚದೆ, ಊರವರೇ ನೆಲದ ಮೇಲೆ ನಕ್ಷೆ ಬರೆದು, ಬಹಿರ್ದೆಸೆಯ ಜಾಗಗಳನ್ನು ಗುರುತಿಸಿ, ಆ ಹೊಲಸು ನೊಣದ ಮೂಲಕ ಅನ್ನದ ತಟ್ಟೆಗೆ ಬರುವ ದಾರಿಯನ್ನು ತಾವೇ ಕಂಡುಕೊಳ್ಳುತ್ತಾರೆ. ಈ ವಿಧಾನವನ್ನು ವಾರ್ಡ್ ಸಭೆಗಳಿಗೆ ತರಬೇಕು. ಆದರೆ ಅದರಲ್ಲಿರುವ ನಾಚಿಸುವ ಅಂಶವನ್ನು ಕೈಬಿಡಬೇಕು. ಕೇರಿ ಕೇರಿಯಾಗಿ ಒಡೆದ ಊರಿನಲ್ಲಿ ಸೀಟಿ ಊದಿ, ಫೋಟೊ ತೆಗೆದು ನಾಚಿಸಿದರೆ ಅವಮಾನವಾಗುವುದು ಸ್ವಂತ ಜಾಗವೇ ಇಲ್ಲದವರಿಗೆ. ಕತ್ತಲಾಗುವವರೆಗೆ ತಡೆದುಕೊಂಡಿರುವ ಹೆಂಗಸರಿಗೆ ಈ ಸಭೆಗಳಲ್ಲಿ ಮೊದಲ ಮಾತು ಸಿಗಬೇಕು. ಬಂಡೀಪುರದ ಅಂಚಿನ ಊರುಗಳಲ್ಲಿ ನಸುಕಿಗೆ ಹೊರಗೆ ಹೋದವರಿಗೆ ಆನೆ ಎದುರಾಗುವ ಭಯವಿರುವುದರಿಂದ ಅಲ್ಲಿ ಭಾಷಣ ಬೇಕಾಗುವುದಿಲ್ಲ, ನೀರು ಬೇಕು. ಸೋಲಿಗರ ಪೋಡುಗಳಲ್ಲಿ, ಅಂದರೆ ಕಾಡಿನ ವಸತಿಗಳಲ್ಲಿ, ಯಜಮಾನರೊಡನೆ ಕೂತು ಮಾತಾಡದೆ ಯಾವ ನಮೂನೆಯನ್ನೂ ಹೇರಬಾರದು.

ಈ ಕೆಲಸಕ್ಕೆ ಆಶಾ ಕಾರ್ಯಕರ್ತೆಯರನ್ನು ಮತ್ತು ಸ್ವಸಹಾಯ ಸಂಘಗಳ ಮಹಿಳೆಯರನ್ನು ನೇಮಿಸಿ ಗೌರವಧನ ನೀಡಬೇಕು. ಪ್ರಗತಿಯನ್ನು ಕಟ್ಟಿದ ಸಂಖ್ಯೆಯಿಂದಲ್ಲ, ಬಳಸುವ ಮನೆಗಳ ಸಂಖ್ಯೆಯಿಂದ ಅಳೆದು ಅದನ್ನು ಗ್ರಾಮಸಭೆಯಲ್ಲಿ ಓದಿಸಬೇಕು. ಮುಂದಿನ ಸುತ್ತಿನ ಗ್ರಾಮಸಭೆಗಳಿಗೆ ಮೊದಲೇ ಈ ಕುರಿತು ಲಿಖಿತ ಆದೇಶ ಹೊರಡಿಸಬೇಕೆಂದು ಮನವಿದಾರರು ಕೋರುತ್ತಾರೆ.