ಹಾರಿದವರು ಬರೆದರೆ

1965ರ ಸೆಪ್ಟೆಂಬರ್ 22. ಪಾಕಿಸ್ತಾನದೊಂದಿಗಿನ ಯುದ್ಧದ ಕದನವಿರಾಮಕ್ಕೆ ಒಂದು ದಿನವೂ ಉಳಿದಿರಲಿಲ್ಲ. ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪನವರ ಹಂಟರ್ ವಿಮಾನಕ್ಕೆ ನೆಲದಿಂದ ಹಾರಿಸಿದ ಗುಂಡು ಬಡಿಯಿತು. ಹೊರಕ್ಕೆ ಹಾರಿ ಜೀವ ಉಳಿಸಿಕೊಂಡರು, ಬೆನ್ನಿಗೆ ಪೆಟ್ಟಾಯಿತು, ಪಾಕಿಸ್ತಾನದ ಸೆರೆಗೆ ಸಿಕ್ಕರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ದೇಶ ವಿಭಜನೆಗೆ ಮುಂಚೆ ಸೇನೆಯಲ್ಲಿ ಇವರ ತಂದೆ, ಕೊಡಗಿನ ಕೆ.ಎಂ. ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ನನ್ನ ಮಗನಿಗೆಂದು ವಿಶೇಷ ಉಪಚಾರ ಬೇಡ, ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ ಎಂದು ತಂದೆ ಹೇಳಿಕಳಿಸಿದ ಸಂಗತಿ ಶಾಲೆಯ ಭಾಷಣಗಳಲ್ಲಿ ಸವೆದುಹೋಗುವಷ್ಟು ಬಂದಿದೆ. ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ಸಣ್ಣ ವಿವರ. ಆಸ್ಪತ್ರೆಗೆ ನೋಡಲು ಬಂದ ಅಯೂಬರ ಹೆಂಡತಿ ಮತ್ತು ಹಿರಿಮಗ ಕೈಯಲ್ಲಿ ಹಿಡಿದು ತಂದದ್ದು ಸ್ಟೇಟ್ ಎಕ್ಸ್‌ಪ್ರೆಸ್ ಸಿಗರೇಟು, ಜೊತೆಗೆ ಪಿ.ಜಿ. ವುಡ್‌ಹೌಸರ ಒಂದು ನಗೆ ಕಾದಂಬರಿ!

ಆ ಕಾದಂಬರಿಯನ್ನು ಮಗ್ಗುಲಿಗಿಟ್ಟುಕೊಂಡು ಮಲಗಿದ್ದ ಯುವಕ ಮುಂದೆ ಏರ್ ಮಾರ್ಷಲ್ ಆದರು, ನಿವೃತ್ತರಾಗಿ ಮಡಿಕೇರಿಗೆ ಬಂದರು, ಪುಸ್ತಕವನ್ನೂ ಬರೆದರು. ಆದರೆ ಬರೆದದ್ದು ತಂದೆಯ ಜೀವನಚರಿತ್ರೆ. ಅದೂ ಇಂಗ್ಲಿಷಿನಲ್ಲಿ.

ಅದೇ ಯುದ್ಧದ ಇನ್ನೊಬ್ಬ ಕೊಡವ ಪೈಲಟ್ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹನ್ನೆರಡು ಮಿಸ್ಟೇರ್ ವಿಮಾನಗಳು ಗೊತ್ತಾಗಿದ್ದವು. ಇವರದು ಯಾರಾದರೂ ಹಿಂದೆ ಬಿದ್ದರೆ ಇರಲಿ ಎಂದಿಟ್ಟುಕೊಂಡ ಮೀಸಲು ವಿಮಾನ. ಆದರೂ ಹೋದರು. ಶಬ್ದದ ಎರಡು ಪಟ್ಟು ವೇಗದ ಸ್ಟಾರ್‌ಫೈಟರ್ ಎದುರಾಯಿತು. ಏಟು ತಿಂದ ಹಳೆಯ ಮಿಸ್ಟೇರ್‌ನಲ್ಲೇ ತಿರುಗಿ ನಿಂತು ಅದನ್ನು ಕೆಡವಿದರು. ಎದುರಾಳಿ ಪ್ಯಾರಾಚೂಟಿನಲ್ಲಿ ಇಳಿದು ಬದುಕಿಕೊಂಡ, ದೇವಯ್ಯ ಬರಲಿಲ್ಲ. ಇಲ್ಲಿನವರಿಗೆ ಅವರು ಕಾಣೆಯಾದವರು, ಅಷ್ಟೆ. ಆಕಾಶದಲ್ಲಿ ನಡೆದದ್ದು ಹೊರಬಿದ್ದದ್ದು 1979ರಲ್ಲಿ, ಪಾಕಿಸ್ತಾನದ ವಾಯುಪಡೆಯ ಕುರಿತು ಜಾನ್ ಫ್ರಿಕರ್ ಎಂಬ ಇಂಗ್ಲಿಷಿನವನು ಬರೆದ ಪುಸ್ತಕದಿಂದ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ನಮ್ಮವನ ಕತೆಯನ್ನು ಎದುರು ಪಾಳಯದ ಲೆಕ್ಕಪುಸ್ತಕದಿಂದ ಹೆಕ್ಕಿಕೊಳ್ಳಬೇಕಾಯಿತು.

ಪೈಲಟ್ಟನೇ ಬರೆದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಉದಾಹರಣೆ ಫ್ರಾನ್ಸಿನ ಸೇಂಟ್ ಎಕ್ಸುಪೆರಿ. ಅಂಚೆ ವಿಮಾನ ಹಾರಿಸುತ್ತಿದ್ದವನು, 1935ರ ಕೊನೆಗೆ ಮೆಕ್ಯಾನಿಕ್ ಜೊತೆ ಸಹಾರಾದ ಮರಳಿನಲ್ಲಿ ಬಿದ್ದು ನೀರಿಲ್ಲದೆ ಸಾಯುವುದರಲ್ಲಿದ್ದವನು, ಎರಡನೇ ಮಹಾಯುದ್ಧದಲ್ಲಿ ವೈರಿ ನೆಲದ ಫೋಟೊ ತೆಗೆಯಲು ಹಾರಿದವನು. ಕಾದಂಬರಿ ಬರೆದ, ಸಿನಿಮಾಕ್ಕೆ ಚಿತ್ರಕತೆ ಬರೆದ, ಇಸ್ಪೀಟೆಲೆಯ ಕಣ್ಕಟ್ಟಿನಿಂದ ಗೆಳೆಯರನ್ನು ಬೆಪ್ಪಾಗಿಸಿದ, ‘ಪುಟ್ಟ ರಾಜಕುಮಾರ’ನಿಗೆ ತಾನೇ ಜಲವರ್ಣದ ಚಿತ್ರ ಬಿಡಿಸಿದ. ಇವನ್ನೆಲ್ಲ ಹವ್ಯಾಸ ಎಂದು ಬದಿಗೆ ತಳ್ಳುವವರ ಜೊತೆ ನನ್ನ ತಕರಾರಿದೆ. 1931ರಲ್ಲಿ ಬಂದ ಅವನ ಕಾದಂಬರಿಯಲ್ಲಿ ಅಂಚೆ ವಿಮಾನವೊಂದು ರಾತ್ರಿಯ ಬಿರುಗಾಳಿಗೆ ಸಿಕ್ಕಿ, ಇಳಿಯಲು ಜಾಗ ಕಾಣದೆ ಕಳೆದುಹೋಗುತ್ತದೆ. 1934ರಲ್ಲಿ ಅವನು ಪೇಟೆಂಟಿಗೆ ಅರ್ಜಿ ಹಾಕಿದ್ದು ವಿಮಾನ ಇಳಿಸುವ ಸಾಧನವೊಂದಕ್ಕೆ. ಕತೆಗಾರನನ್ನು ಕಾಡಿದ್ದೇ ಯಂತ್ರಗಾರನನ್ನೂ ಕಾಡಿದೆ. ಮೈತುಂಬ ಹಳೆಯ ಗಾಯಗಳು, ಹಾರುವ ಉಡುಪು ತೊಡಲೂ ಇನ್ನೊಬ್ಬರ ಕೈ ಬೇಕಾಗಿತ್ತು. ಹಾಗಿದ್ದೂ ನಲವತ್ತನಾಲ್ಕರಲ್ಲಿ ಹಟಹಿಡಿದು, ಬಂದೂಕಿಲ್ಲದ ವಿಮಾನದಲ್ಲಿ 1944ರ ಜುಲೈ 31ರಂದು ಕಾರ್ಸಿಕಾದಿಂದ ಮೇಲೆದ್ದ. ಮರಳಲಿಲ್ಲ. ಅವನ ಹೆಸರು ಕೊರೆದ ಕೈಬಳೆ 1998ರಲ್ಲಿ ಮಾರ್ಸೇಯ ಬಳಿ ಮೀನುಗಾರನೊಬ್ಬನ ಬಲೆಗೆ ಬಂತು.

ಒಬ್ಬನೇ ಹತ್ತು ಕೆಲಸಕ್ಕೆ ಕೈಹಾಕುವುದು ಮಲೆನಾಡಿನವರಿಗೆ ಸೋಜಿಗವಲ್ಲ. ಅಡಕೆ ಕೊನೆ ಇಳಿಸುವವನೇ ರಾತ್ರಿ ಮದ್ದಳೆ ನುಡಿಸುತ್ತಾನೆ, ಜೇನು ಸಾಕುತ್ತಾನೆ, ಕೆಟ್ಟ ಪಂಪ್‌ಸೆಟ್ಟನ್ನೂ ಬಿಚ್ಚಿ ಕೂರುತ್ತಾನೆ. ಮೂಡಿಗೆರೆಯ ತೋಟದಲ್ಲಿ ಕೂತು ಕ್ಯಾಮೆರಾ, ಕುಂಚ, ಗಾಳ ಎಲ್ಲವನ್ನೂ ಹಿಡಿದ ಲೇಖಕ ತೇಜಸ್ವಿಯವರು ತಮ್ಮ ಮಿಲೆನಿಯಂ ಪುಸ್ತಕ ಮಾಲೆಯಲ್ಲಿ ‘ಮಹಾಯುದ್ಧ’ದ ಸಂಪುಟಗಳನ್ನು ಕೊಟ್ಟರು. ಕೊಪ್ಪ, ಶೃಂಗೇರಿಯ ಎಷ್ಟೋ ಹುಡುಗರು ಯುದ್ಧವಿಮಾನದೊಳಕ್ಕೆ ಮೊದಲು ಇಣುಕಿದ್ದು ಆ ಪುಟಗಳಲ್ಲೇ. ಆದರೆ ಅವು ಯುರೋಪಿನ, ಪೆಸಿಫಿಕ್ಕಿನ ಕತೆಗಳು. ಸರ್ಗೋಧಾದ ಮೇಲೆ ಹಾರಿದ ಕೊಡಗಿನವನ ಕತೆಯನ್ನು ಅಷ್ಟೇ ರುಚಿಯಾಗಿ ಕನ್ನಡದಲ್ಲಿ ಓದುವ ಆಸೆ ನನಗಿನ್ನೂ ತೀರಿಲ್ಲ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲೂಕುಗಳಲ್ಲಿ ಸೇನೆಯಿಂದ ನಿವೃತ್ತರಾಗಿ ತೋಟ ನೋಡಿಕೊಂಡಿರುವವರು ಇದ್ದಾರೆ. ಪೈಲಟ್ಟೇ ಆಗಬೇಕಿಲ್ಲ, ವಿಮಾನಕ್ಕೆ ಎಣ್ಣೆ ತುಂಬಿದವರು, ರೇಡಿಯೊ ಮುಂದೆ ಕೂತವರು, ಅಡುಗೆ ಮಾಡಿದವರೂ ಆದೀತು. ಅವರಿಗೆ ಈ ಪತ್ರಿಕೆಯ ಕೋರಿಕೆ ಇಷ್ಟೆ: ಬರೆಯಿರಿ. ಪದಕದ ಪಟ್ಟಿ ಬೇಡ. ಮೆಸ್ಸಿನ ಊಟ, ಮನೆಯಿಂದ ತಡವಾಗಿ ಬಂದ ಕಾಗದ, ಭಯವಾದ ಹೊತ್ತು, ಇಂಥವು ಬೇಕು. ಕಾಗುಣಿತ ನಾವು ನೋಡಿಕೊಳ್ಳುತ್ತೇವೆ. ಬರೆಯಲು ಬೇಸರವಾದರೆ ಮೊಮ್ಮಕ್ಕಳ ಫೋನಿನಲ್ಲಿ ಮಾತಾಡಿ ಕಳಿಸಿ, ಇಲ್ಲಿ ಕೂತು ಬರೆದುಕೊಳ್ಳುತ್ತೇವೆ.