ಓಡದ ರೈಲಿಗೆ ಹೊಣೆ ಯಾರು?

ಮಾದರಿ ರೈಲು ಎಂದೊಡನೆ ಮಕ್ಕಳ ಆಟಿಕೆ ಎಂಬ ಭಾವನೆ ಮೂಡುವುದು ಸಹಜ. ವಾಸ್ತವದಲ್ಲಿ ಅದು ದೊಡ್ಡವರ ದುಬಾರಿ ಹವ್ಯಾಸ. ಎಚ್‌ಓ ಅಳತೆಯ ಎಂಜಿನ್ ನಿಜವಾದ ಎಂಜಿನ್ನಿಗಿಂತ 87 ಪಟ್ಟು ಚಿಕ್ಕದು. ಅದು ಓಡುವ ಹಳಿಗಳ ನಡುವಣ ಅಂತರ ಕೇವಲ 16.5 ಮಿಲಿಮೀಟರ್. ಇಷ್ಟು ಸೂಕ್ಷ್ಮವಾದ ವಸ್ತುವಿನಲ್ಲಿ ಅರ್ಧ ಮಿಲಿಮೀಟರಿನ ತಪ್ಪೂ ದೊಡ್ಡದೇ. ಹಾಗಿದ್ದೂ ಆ ತಪ್ಪನ್ನು ಪತ್ತೆಹಚ್ಚುವ ಕೆಲಸ ಇಂದು ಕಾರ್ಖಾನೆಯಿಂದ ಗ್ರಾಹಕನ ಮೇಜಿಗೆ ವರ್ಗಾವಣೆಯಾಗಿದೆ.

ಹೊಸದುರ್ಗ ತಾಲ್ಲೂಕಿನ ಬಾಗೂರಿನ ನಮ್ಮ ಮನೆಗೆ ಬೆಂಗಳೂರಿನ ಮಾರಾಟಗಾರರೊಬ್ಬರಿಂದ ತರಿಸಿದ ವಿದೇಶಿ ಎಂಜಿನ್ ಪ್ರತಿ ತಿರುವಿನಲ್ಲೂ ಹಳಿ ತಪ್ಪುತ್ತಿತ್ತು. ಇಂತಹ ದೋಷವನ್ನು ಹುಡುಕಲು ಒಂದು ಕ್ರಮವಿದೆ. ಮೊದಲು ಹಳಿ ಮತ್ತು ಚಕ್ರಗಳ ಕೊಳೆ ತೆಗೆಯಬೇಕು. ಅನಂತರ ಅದೇ ಹಳಿಯ ಮೇಲೆ ಬೇರೊಂದು ಎಂಜಿನ್ ಓಡಿಸಿ ನೋಡಬೇಕು. ಅದು ಸಲೀಸಾಗಿ ಓಡಿದರೆ ದೋಷ ಹಳಿಯದಲ್ಲ. ಹಾಗೆಯೇ ಮಾಡಿ, ಕೊನೆಗೆ ಒಂದೊಂದೇ ಆಕ್ಸಲಿನ ಎರಡು ಚಕ್ರಗಳ ನಡುವಣ ಅಂತರವನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆದೆ. ಒಂದು ಜೋಡಿ ಮಾತ್ರ ಉಳಿದವುಗಳಿಗಿಂತ ಕಿರಿದಾಗಿತ್ತು. 'ನೀವೇ ಸರಿಪಡಿಸಿಕೊಳ್ಳಬಹುದು, ಆದರೆ ಬಿಚ್ಚಿದರೆ ವಾರಂಟಿ ಇರುವುದಿಲ್ಲ' ಎಂಬುದು ಮಾರಾಟಗಾರರ ಉತ್ತರವಾಗಿತ್ತು!

ಅರ್ಥಶಾಸ್ತ್ರದ ದೃಷ್ಟಿಯಲ್ಲಿ ಇದು ತಪಾಸಣೆಯ ವೆಚ್ಚವನ್ನು ಕೊಳ್ಳುವವನ ತಲೆಗೆ ಕಟ್ಟುವ ಕ್ರಮ. ಗುಣಮಟ್ಟ ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಮಾರುಕಟ್ಟೆಯೇ ಕೆಡುತ್ತದೆ ಎಂದು ಜಾರ್ಜ್ ಅಕರ್ಲಾಫ್ 1970ರಲ್ಲೇ ತೋರಿಸಿಕೊಟ್ಟರು. ಕೆಲವು ದೋಷಗಳಂತೂ ಯಾವ ಗ್ರಾಹಕನಿಗೂ ಕಾಣುವಂಥವಲ್ಲ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಎಷ್ಟೋ ಮಾದರಿಗಳು, ಸತುವಿನ ಮಿಶ್ರಲೋಹದಲ್ಲಿ ಸೀಸದ ಅಂಶ ಬೆರೆತಿದ್ದರಿಂದ, ವರ್ಷಗಳ ಬಳಿಕ ಬಿರುಕುಬಿಟ್ಟು ಪುಡಿಯಾದವು. ಅದನ್ನು ತಡೆಯಲು ಸಾಧ್ಯವಿದ್ದುದು ಎರಕದ ಮನೆಯಲ್ಲಿ ಮಾತ್ರ.

ಸರ್ಕಾರದ ನಿಯಂತ್ರಣ ಇಲ್ಲವೇ ಎಂದರೆ, ಇದೆ. ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಗೆ ಬಂದು, ಐಎಸ್‌ಐ ಗುರುತು ಕಡ್ಡಾಯವಾಯಿತು. ಆದರೆ ಅದು 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಸಂಬಂಧಿಸಿದ್ದು, ನೋಡುವುದು ಸುರಕ್ಷತೆಯನ್ನು. ವಸ್ತು ನೆಟ್ಟಗೆ ಕೆಲಸ ಮಾಡುತ್ತದೆಯೇ ಎಂಬುದು ಅದರ ಪ್ರಶ್ನೆಯಲ್ಲ. ಇತ್ತ ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಲಾಯಿತು. ಬೆಲೆ ಏರಿತೇ ವಿನಾ ಭರವಸೆ ಏರಲಿಲ್ಲ. ಕೇಂದ್ರವು 2022ರಲ್ಲಿ 'ದುರಸ್ತಿಯ ಹಕ್ಕಿ'ಗೆ ಸಮಿತಿ ರಚಿಸಿದಾಗ ಆರಿಸಿಕೊಂಡ ಕ್ಷೇತ್ರಗಳು ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತು ಮತ್ತು ವಾಹನ.

ಗ್ರಾಹಕನ ಕೈಯಲ್ಲಿರುವ ಅಸ್ತ್ರ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ನೀಡಲು ಅದು ಅವಕಾಶ ಕಲ್ಪಿಸಿದೆ. ಬಾಗೂರಿನವರು ಬೆಂಗಳೂರಿಗೆ ಅಲೆಯಬೇಕಿಲ್ಲ, ಚಿತ್ರದುರ್ಗದ ಆಯೋಗ ಸಾಕು. ಆದರೆ ಪ್ರತಿ ದೋಷಕ್ಕೂ ಆಯೋಗದ ಮೆಟ್ಟಿಲು ಹತ್ತಬೇಕಾದ ಸ್ಥಿತಿ ಆರೋಗ್ಯಕರವಲ್ಲ. ದುಬಾರಿ ಯಾಂತ್ರಿಕ ವಸ್ತುವಿನ ಜೊತೆ ಓಡಿಸಿ ನೋಡಿದ ಪ್ರಮಾಣಪತ್ರ, ಬಿಡಿಭಾಗಗಳ ಪಟ್ಟಿ, ಗ್ರಾಹಕ ಬಿಚ್ಚಿದರೂ ಉಳಿಯುವ ವಾರಂಟಿ, ಈ ಮೂರನ್ನು ಆಮದುದಾರರಿಗೆ ಕಡ್ಡಾಯ ಮಾಡಬೇಕು. ಹಣ ಎಣಿಸಿಕೊಂಡವರೇ ಅಳತೆಯನ್ನೂ ನೋಡಲಿ.