ಆನೆಯ ದಾರಿಯಲ್ಲಿ ವಸತಿ

ರಜೆ ಬಂತೆಂದರೆ ಮಕ್ಕಳೊಡನೆ ಕಾಡಿನಂಚಿನ ವಸತಿಗೃಹಗಳಿಗೆ ಹೊರಡುವ ಕುಟುಂಬಗಳುಂಟು. ಆದರೆ ಫಲಕದ ಮೇಲೆ ‘ಪರಿಸರಸ್ನೇಹಿ’ ಎಂದು ಬರೆದ ಮಾತ್ರಕ್ಕೆ ಆ ಗೃಹ ಕಾಡಿಗೆ ಸ್ನೇಹಿತನಾಗದು.

ನೀಲಗಿರಿಯ ಸೀಗೂರು ಪ್ರಸ್ಥಭೂಮಿಯೇ ಇದಕ್ಕೆ ನಿದರ್ಶನ. ಪಶ್ಚಿಮ ಹಾಗೂ ಪೂರ್ವ ಘಟ್ಟಗಳ ನಡುವೆ ಆನೆಗಳು ಸಂಚರಿಸುವ ದಾರಿ ಇಲ್ಲಿದೆ. ಆ ದಾರಿಯಲ್ಲೇ ವಿಹಾರಧಾಮಗಳು ಎದ್ದು, ಸುತ್ತ ವಿದ್ಯುತ್ ಬೇಲಿಗಳೂ ಬಂದವು. ತಮಿಳುನಾಡು ಸರಕಾರ 2010ರಲ್ಲಿ ಇದನ್ನು ಆನೆಪಥವೆಂದು ಘೋಷಿಸಿತು. 2020ರ ಅಕ್ಟೋಬರ್ 14ರಂದು ಸರ್ವೋಚ್ಚ ನ್ಯಾಯಾಲಯ ಆ ಘೋಷಣೆಯನ್ನು ಎತ್ತಿಹಿಡಿಯಿತು. ಮಸಿನಗುಡಿಯ ವಸತಿಗೃಹವೊಂದರ ಬಳಿ ಬಂದ ಆನೆಯ ಮೇಲೆ ಉರಿಯುವ ಟಯರ್ ಎಸೆದ ದೃಶ್ಯ 2021ರ ಜನವರಿಯಲ್ಲಿ ಬೆಳಕಿಗೆ ಬಂದಿತು; ಅಷ್ಟರಲ್ಲಿ ಆ ಆನೆ ಸತ್ತುಹೋಗಿತ್ತು.

ಆದುದರಿಂದ ಮುಂಗಡ ಹಣ ಕೊಡುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳುವುದು ಲೇಸು. ಕಟ್ಟಡಕ್ಕೆ ಪರವಾನಗಿ ಉಂಟೇ? ಪ್ರಾಣಿಗಳು ನೀರಿಗಿಳಿಯುವ ಜಾಗವನ್ನು ಬೇಲಿ ಮುಚ್ಚಿದೆಯೇ? ಉಳಿದ ಅನ್ನವನ್ನು ಜಿಂಕೆ, ಹಂದಿಗಳಿಗೆ ಸುರಿಯುತ್ತಾರೆಯೇ? ಇರುಳು ಜೀಪಿನಲ್ಲಿ ಪ್ರಾಣಿ ತೋರಿಸುವೆವೆನ್ನುತ್ತಾರೆಯೇ? ಇರುಳ, ಕುರುಂಬ ಜನರಿಗೆ ಅಲ್ಲಿ ಕಸ ಗುಡಿಸುವ ಕೆಲಸ ಮಾತ್ರವೋ, ಕಾಡನ್ನು ಬಲ್ಲವರೆಂಬ ಮನ್ನಣೆಯೂ ಉಂಟೋ? ಹುಲಿ ಖಂಡಿತ ಕಾಣಿಸುತ್ತದೆಂದು ಭರವಸೆ ಕೊಡುವವರಿಗಿಂತ, ಕತ್ತಲಾದ ಮೇಲೆ ದೀಪ ತಗ್ಗಿಸಿ, ಸದ್ದು ಮಾಡಬೇಡಿರೆಂದು ಅತಿಥಿಗಳಿಗೇ ಹೇಳುವವರು ನಂಬಿಕೆಗೆ ಅರ್ಹರು.

ಇದು ಪ್ರವಾಸಿಗರ ಸಂಗತಿ ಮಾತ್ರವಲ್ಲ. ದಾರಿ ಮುಚ್ಚಿದಾಗ ಆನೆ ಇಳಿಯುವುದು ರೈತನ ಹೊಲಕ್ಕೆ. ತಾಳವಾಡಿ ಸೀಮೆಯ ಮಕ್ಕಳಿಗೆ ಇದನ್ನು ಪುಸ್ತಕದಿಂದ ಕಲಿಸಬೇಕಾಗಿಲ್ಲ.